ಲೋಹವಾದರೂ ಪಾದರಸ ದ್ರವವೇಕೆ?



ಕುಲುಮೆಯಲ್ಲಿ ಕಬ್ಬಿಣ ಕೆಂಡದಂತೆ ಕೆಂಪಾದರೂ ಕರಗುವುದಿಲ್ಲ. ಬಡಿದ ಹಾಗೆ ಬಾಗುತ್ತದೆ, ಅಷ್ಟೆ. ಅದು ಕರಗಲು 1,538 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಕಲಾಯಿ ಹಾಕುವ ತವರವಾದರೋ 232 ಡಿಗ್ರಿಗೇ ಕರಗಿ ಕಾದ ಪಾತ್ರೆಯ ಮೇಲೆ ಹರಡುತ್ತದೆ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನ ಪಾದರಸಕ್ಕೆ ಒಲೆಯೇ ಬೇಡ. ಅದೂ ಲೋಹವೇ, ಆದರೂ ದ್ರವ. ಇದಕ್ಕೆ ಕಾರಣವೇನು?

ಕೊಬ್ಬರಿ ಎಣ್ಣೆಯನ್ನು ನೆನೆಯಿರಿ. ಚಳಿಗಾಲದ ಬೆಳಿಗ್ಗೆ ಸೀಸೆಯಲ್ಲಿ ಹೆಪ್ಪುಗಟ್ಟಿರುತ್ತದೆ, ಬಿಸಿಲೇರಿದಂತೆ ಕರಗುತ್ತದೆ. ಒಂದೊಂದು ಲೋಹಕ್ಕೂ ಹೀಗೆ ಕರಗುವ ಹದವೊಂದುಂಟು. ಗ್ಯಾಲಿಯಂ ಎಂಬ ಲೋಹ 29.8 ಡಿಗ್ರಿಗೆ ಕರಗುತ್ತದೆ. ಅಂಗೈಯಲ್ಲಿ ಹಿಡಿದರೆ ತುಪ್ಪದಂತೆ ನೀರಾಗುತ್ತದೆ. ಪಾದರಸದ ಹದ ಸೊನ್ನೆಗಿಂತ 38.8 ಡಿಗ್ರಿ ಕೆಳಗೆ. ಅಂಥ ಚಳಿ ನಮ್ಮ ಊರುಗಳಲ್ಲಿ ಬೀಳುವುದಿಲ್ಲ.

ಲೋಹದ ಪರಮಾಣುಗಳನ್ನು ಒಟ್ಟಿಗೆ ಬಿಗಿಯುವುದು ಅವುಗಳ ಹೊರಸುತ್ತಿನ ಎಲೆಕ್ಟ್ರಾನುಗಳು. ಮುಯ್ಯಾಳು ಕೊಟ್ಟು ತೆಗೆದುಕೊಳ್ಳುವ ಮನೆಗಳು ಒಂದಾಗಿರುವಂತೆ, ಎಲೆಕ್ಟ್ರಾನುಗಳನ್ನು ಹಂಚಿಕೊಂಡ ಪರಮಾಣುಗಳು ಬಿಗಿಯಾಗಿ ಕೂಡಿರುತ್ತವೆ. ಪಾದರಸದ ಪರಮಾಣು ಮಾತ್ರ ತನ್ನ ಆಳನ್ನು ಸುಲಭವಾಗಿ ಹೊರಗೆ ಬಿಡದು. ಅದರ ನಡುವೆ 80 ಪ್ರೋಟಾನುಗಳಿವೆ. ಅವುಗಳ ಸೆಳೆತ ಎಷ್ಟು ಬಲವೆಂದರೆ, ತೀರ ಒಳಸುತ್ತಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕಿಂತಲೂ ಹೆಚ್ಚು ವೇಗದಲ್ಲಿ ಚಲಿಸುತ್ತವೆ. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಂತೆ ಇದರ ಫಲವಾಗಿ ಎಲೆಕ್ಟ್ರಾನುಗಳ ಸುತ್ತು ಕುಗ್ಗುತ್ತದೆ. ಹೊರಗಿನ ಎರಡು ಎಲೆಕ್ಟ್ರಾನುಗಳೂ ಒಳಕ್ಕೆ ಸರಿಯುತ್ತವೆ. ಹಂಚಿಕೆ ಕಡಿಮೆಯಾಗಿ ಹಿಡಿತ ಸಡಿಲವಾಗುತ್ತದೆ. ಈ ಪರಿಣಾಮ ಇಲ್ಲದಿದ್ದರೆ ಪಾದರಸ ಸುಮಾರು 105 ಡಿಗ್ರಿ ಹೆಚ್ಚಿನ ಶಾಖಕ್ಕೆ ಕರಗುತ್ತಿತ್ತೆಂದು ವಿಜ್ಞಾನಿಗಳು 2013ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಗ ಅದು ನಮ್ಮ ಬೇಸಿಗೆಯಲ್ಲೂ ಗಟ್ಟಿಯಾಗಿಯೇ ಇರುತ್ತಿತ್ತು.

ಈ ಸಡಿಲ ಹಿಡಿತವೇ ಅಪಾಯಕ್ಕೂ ಮೂಲ. ಚೆಲ್ಲಿದ ಪಾದರಸ ಬೆಂಕಿಯಿಲ್ಲದೆಯೇ ಮೆಲ್ಲಮೆಲ್ಲನೆ ಆವಿಯಾಗುತ್ತದೆ. ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನೊಡನೆ ಒಳಹೊಕ್ಕು ಮಿದುಳು, ನರ, ಮೂತ್ರಪಿಂಡಗಳಿಗೆ ಕೇಡು ಮಾಡುತ್ತದೆ. ಉರುಳುವ ಬೆಳ್ಳಿಯ ಮಣಿಗಳೆಂದು ಮಕ್ಕಳು ಆಡಲು ಹೋಗುತ್ತಾರೆ, ಬಿಡಬಾರದು.

ಥರ್ಮಾಮೀಟರು ಒಡೆದರೆ ಹೀಗೆ ಮಾಡಿರಿ:

1. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ಬಾಗಿಲು ತೆರೆಯಿರಿ.

2. ಉಂಗುರ, ಬಳೆ ತೆಗೆದಿಡಿ. ಪಾದರಸ ತಗುಲಿದರೆ ಚಿನ್ನ ಬೆಳ್ಳಗಾಗಿ ಕೆಡುತ್ತದೆ.

3. ಪೊರಕೆಯಿಂದ ಗುಡಿಸಬೇಡಿ, ಹನಿಗಳು ಚೂರಾಗಿ ಸಂದುಗೊಂದುಗಳಲ್ಲಿ ಸೇರುತ್ತವೆ. ಬರಿಗೈಯಲ್ಲಿ ಮುಟ್ಟದೆ, ಎರಡು ದಪ್ಪ ಕಾಗದಗಳಿಂದ ಒಟ್ಟುಗೂಡಿಸಿರಿ.

4. ಸ್ವಲ್ಪ ನೀರಿರುವ ಸೀಸೆಗೆ ಹಾಕಿ ಬಿರಡೆ ಬಿಗಿಯಿರಿ. ಅದನ್ನು ಎಲ್ಲಿ ಒಪ್ಪಿಸಬೇಕೆಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿರಿ.

5. ಒಲೆಗೆ, ತಿಪ್ಪೆಗೆ, ಚರಂಡಿಗೆ, ಬಾವಿಗೆ ಎಂದಿಗೂ ಹಾಕಬೇಡಿ.

ಈ ಐದು ಮಾತುಗಳನ್ನು ಮನೆಯ ಹೆಣ್ಣುಮಕ್ಕಳಿಗೂ ಹುಡುಗರಿಗೂ ಇಂದೇ ಓದಿ ಹೇಳಿರಿ.