ಪಾತ್ರೆಯೊಳಗಿನ ವಿಷವೂ ಖೋಟಾ ಗುಳಿಗೆಯೂ

ಓದತಕ್ಕ ವೇದಭಾಗಗಳು: ೨ ಅರಸುಗಳು ೪:೩೮–೪೧, ೧ ಅರಸುಗಳು ೧೯:೧–೮.



ಗಿಲ್ಗಾಲಿನಲ್ಲಿ ಬರವಿದ್ದ ಕಾಲದಲ್ಲಿ ಪ್ರವಾದಿಯಾದ ಎಲೀಷನ ಶಿಷ್ಯರಿಗೋಸ್ಕರ ಅಡಿಗೆ ಮಾಡಬೇಕಾಯಿತು. ಅವರಲ್ಲೊಬ್ಬನು ಸೊಪ್ಪು ಕೊಯ್ಯುವದಕ್ಕೆ ಹೊಲಕ್ಕೆ ಹೋಗಿ, ಒಂದು ಕಾಡುಬಳ್ಳಿಯನ್ನು ಕಂಡು, ಅದರ ಕಾಯಿಗಳನ್ನು ಮಡಿಲು ತುಂಬ ತಂದು ಪಾತ್ರೆಗೆ ಹೆಚ್ಚಿ ಹಾಕಿದನು. ಅವು ಎಂಥ ಕಾಯಿಗಳೆಂಬದು ಒಬ್ಬರಿಗೂ ತಿಳಿದಿರಲಿಲ್ಲ. ಉಣ್ಣತೊಡಗಿದ ಮೇಲೆಯೇ ಅದು ಪ್ರಾಣ ತೆಗೆಯುವ ಅಡಿಗೆಯೆಂದು ಗೊತ್ತಾಯಿತು. ಇಲ್ಲಿ ಮೂರು ಸಂಗತಿಗಳನ್ನು ಗಮನಿಸೋಣ. ತಂದವನಿಗೆ ಕೆಟ್ಟ ಎಣಿಕೆ ಇರಲಿಲ್ಲ. ಕಾಯಿಯು ನೋಟಕ್ಕೆ ಒಳ್ಳೇ ಕಾಯಿಯಂತೆಯೇ ಇತ್ತು. ವಿಷವೆಂದು ತಿಳಿದ ಕೂಡಲೆ ಉಣ್ಣುವವರು ಮುಚ್ಚಿಡದೆ ಕೂಗಿಕೊಂಡರು, ಆದಕಾರಣವೇ ಬದುಕಿದರು. ಈ ತಿಂಗಳು ನಾವು ಕಲಿಯತಕ್ಕ ವಿಷಯದಲ್ಲಿಯೂ ಈ ಮೂರೂ ಉಂಟು.

೧. ಖೋಟಾ ಗುಳಿಗೆ ಎಂದರೇನು?

ಮನಸ್ಸಿನ ಕಳವಳ, ಕಾರಣವಿಲ್ಲದೆ ಎದೆ ಡವಡವಿಸುವ ಭಯ, ಇವುಗಳಿಂದ ಬಳಲುವವರಿಗೆ ವೈದ್ಯರು ಕೆಲವು ವೇಳೆ ಆಲ್‌ಪ್ರಜೋಲಾಮ್ ಎಂಬ ಔಷಧವನ್ನು ಬರೆದು ಕೊಡುವದುಂಟು. ಅಮೇರಿಕದಲ್ಲಿ ಇದು ಜಾನಾಕ್ಸ್ ಎಂಬ ಹೆಸರಿನಿಂದ ೧೯೮೧ರಿಂದ ನಡೆದುಬಂದಿದೆ. ತಕ್ಕ ಅಳತೆಯಲ್ಲಿ, ಅಲ್ಪಕಾಲಕ್ಕೆ, ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಂಡರೆ ಇದರಿಂದ ಉಪಕಾರವಾಗುವದು. ಬಹುದಿನ ತೆಗೆದುಕೊಂಡರೆ ದೇಹವು ಇದಕ್ಕೆ ಕಟ್ಟುಬೀಳುವದು.

ಈ ಗುಳಿಗೆಯನ್ನು ಚೀಟಿಯಿಲ್ಲದೆ ಕೊಳ್ಳಬಯಸುವವರು ಬಹಳ ಮಂದಿ ಇರುವದನ್ನು ಕಂಡು ಕಳ್ಳವ್ಯಾಪಾರಿಗಳು ಅದರಂತೆಯೇ ಕಾಣುವ ಗುಳಿಗೆಯನ್ನು ತಾವೇ ಅಚ್ಚೊತ್ತುತ್ತಾರೆ. ಆಕಾರವೂ ಬಣ್ಣವೂ ಮೇಲಿನ ಅಕ್ಷರಗಳೂ ಒಂದೇ. ಆದರೆ ಒಳಗೆ ಫೆಂಟಾನಿಲ್ ಎಂಬ, ಅಫೀಮಿನಂತೆ ಕೆಲಸ ಮಾಡುವ ಮದ್ದನ್ನು ಬೆರಸಿರುತ್ತಾರೆ. ಖೋಟಾ ನಾಣ್ಯವನ್ನು ತೆಗೆದುಕೊಂಡವನು ಹಣವನ್ನು ಕಳಕೊಳ್ಳುವನು. ಖೋಟಾ ಗುಳಿಗೆಯನ್ನು ನುಂಗಿದವನು ಪ್ರಾಣವನ್ನೇ ಕಳಕೊಳ್ಳಬಹುದು.

೨. ಅದು ಕೊಲ್ಲುವ ಬಗೆ

ಫೆಂಟಾನಿಲನ್ನು ಬೆಲ್ಜಿಯಂ ದೇಶದ ಡಾಕ್ಟರ್ ಪಾಲ್ ಜಾನ್ಸೆನ್ ಎಂಬವರು ೧೯೬೦ರ ಸುಮಾರಿಗೆ ಕಂಡುಹಿಡಿದರು. ಶಸ್ತ್ರಚಿಕಿತ್ಸೆಯಲ್ಲಿಯೂ ಕ್ಯಾನ್ಸರಿನ ನೋವಿನಲ್ಲಿಯೂ ವೈದ್ಯರ ಕೈಯಲ್ಲಿ ಇದು ಇಂದಿಗೂ ಉಪಕಾರಿ. ಆದರೆ ಮಾರ್ಫಿನ್ ಎಂಬ ಮದ್ದಿಗಿಂತ ಇದು ೫೦ರಿಂದ ೧೦೦ ಪಾಲು ಬಲವುಳ್ಳದ್ದು. ಅಭ್ಯಾಸವಿಲ್ಲದ ಮನುಷ್ಯನನ್ನು ಕೊಲ್ಲುವದಕ್ಕೆ ೨ ಮಿಲಿಗ್ರಾಮ್ ಸಾಕಾಗಬಹುದು. ಅಂದರೆ ಸಣ್ಣದೊಂದು ಸಾಸಿವೆಕಾಳಿನ ತೂಕದಷ್ಟು. ಒಂದು ಗ್ರಾಮಿನಲ್ಲಿ ಅಂಥ ೫೦೦ ಪಾಲುಗಳಿರುತ್ತವೆ. ಕಳ್ಳರು ಇದನ್ನು ಹಿಟ್ಟಿನೊಡನೆ ಕಲಸುವಾಗ ಎಲ್ಲಾ ಕಡೆಗೂ ಸಮವಾಗಿ ಬೆರೆಯುವದಿಲ್ಲ. ಆದದರಿಂದ ಒಂದೇ ಪೊಟ್ಟಣದ ಒಂದು ಗುಳಿಗೆಯಿಂದ ಏನೂ ಆಗದೆ ಇರಬಹುದು, ಮತ್ತೊಂದು ಕೊಲ್ಲಬಹುದು. ನಿನ್ನೆ ನುಂಗಿದವನು ಬದುಕಿದನೆಂಬ ಮಾತು ಇಂದಿಗೆ ಸಾಕ್ಷಿಯಲ್ಲ.

ಮಿದುಳಿನಲ್ಲಿ ಉಸಿರಾಟವನ್ನು ನಡಿಸುವ ಒಂದು ಸ್ಥಾನವುಂಟು. ಫೆಂಟಾನಿಲ್ ಆ ಸ್ಥಾನವನ್ನು ಮಂದಮಾಡುತ್ತದೆ. ಕಳವಳದ ಗುಳಿಗೆಯ ಮದ್ದೂ ಮದ್ಯವೂ ಸಂಗಡ ಸೇರಿದರೆ ಅಪಾಯವು ಇನ್ನೂ ಹೆಚ್ಚುವದು. ಮನುಷ್ಯನು ನಿದ್ರಿಸುತ್ತಿರುವಂತೆ ಕಾಣುವನು. ಉಸಿರು ಮೆಲ್ಲಮೆಲ್ಲನೆ ನಿಂತುಹೋಗುವದು.

೩. ನಡೆದ ಸಂಗತಿಗಳು

೨೦೧೫ರಲ್ಲಿ ಅಮೇರಿಕದ ಸಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಜಾನಾಕ್ಸಿನಂತೆ ಕಂಡ ಗುಳಿಗೆಗಳಲ್ಲಿ ಫೆಂಟಾನಿಲ್ ಸಿಕ್ಕಿತು. ೨೦೧೬ರ ಮೊದಲನೆಯ ಮೂರು ತಿಂಗಳಲ್ಲಿ ಫ್ಲಾರಿಡಾ ಸಂಸ್ಥಾನದಲ್ಲಿ ಅಂಥ ಖೋಟಾ ಜಾನಾಕ್ಸಿನಿಂದ ೯ ಮಂದಿ ಸತ್ತರು. ನೋವಿನ ಗುಳಿಗೆಗಳಿಗೂ ಇದೇ ಮೋಸ ಹಬ್ಬಿತು. ಆ ದೇಶದ ಮಾದಕದ್ರವ್ಯ ನಿಗ್ರಹ ಇಲಾಖೆಯವರು ೨೦೨೩ರಲ್ಲಿ ಹೆಚ್ಚುಕಡಿಮೆ ೮ ಕೋಟಿ ಖೋಟಾ ಗುಳಿಗೆಗಳನ್ನು ಹಿಡಿದರು. ಫೆಂಟಾನಿಲ್ ಬೆರೆತ ಗುಳಿಗೆಗಳನ್ನು ಅವರು ಪರೀಕ್ಷಿಸಿದಾಗ, ೨೦೨೩ರಲ್ಲಿ ಹತ್ತರಲ್ಲಿ ಏಳರೊಳಗೂ ೨೦೨೪ರಲ್ಲಿ ಹತ್ತರಲ್ಲಿ ಐದರೊಳಗೂ ಕೊಲ್ಲತಕ್ಕ ಅಳತೆ ಇತ್ತು. ಎಲ್ಲಾ ಬಗೆಯ ಮದ್ದುಗಳ ಅತಿಸೇವನೆಯಿಂದ ಅಲ್ಲಿ ಸತ್ತವರು ೨೦೨೩ರಲ್ಲಿ ಸುಮಾರು ೧,೦೫,೦೦೦ ಮಂದಿ. ೨೦೨೪ರಲ್ಲಿ ಸುಮಾರು ೮೦,೦೦೦ ಮಂದಿ. ಕಡಿಮೆಯಾದದ್ದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಉಳಿದ ಲೆಕ್ಕವೂ ಭಯಂಕರವಾದದ್ದೇ.

ದೂರದೇಶದ ಮಾತು ನಮಗ್ಯಾಕೆ ಎಂದು ಕೆಲವರು ಕೇಳಬಹುದು. ಓದುವದಕ್ಕೂ ದಾದಿಯರ ಕೆಲಸಕ್ಕೂ ನಮ್ಮ ನಾಡಿನ ಮಕ್ಕಳು ಆ ದೇಶಗಳಿಗೆ ಹೋಗುತ್ತಾರೆ. ಪರೀಕ್ಷೆಯ ಮುಂಚಿನ ರಾತ್ರಿಯಲ್ಲಿ ಜೊತೆಗಾರನು ಸ್ನೇಹದಿಂದಲೇ ಒಂದು ಗುಳಿಗೆಯನ್ನು ಕೈಗಿಡಬಹುದು. ಕಾಯಿ ತಂದ ಆ ಶಿಷ್ಯನಂತೆ ಅವನಿಗೂ ಒಳಗಿನದು ಗೊತ್ತಿರುವದಿಲ್ಲ.

೪. ನಾಚಿಕೆಯು ವಿಷಕ್ಕೆ ಬಾಗಿಲು ತೆರೆಯುತ್ತದೆ

ಜನರು ವೈದ್ಯರನ್ನು ಬಿಟ್ಟು ಗುಟ್ಟಾಗಿ ಗುಳಿಗೆ ಹುಡುಕುವದು ಯಾಕೆ? ಕೆಲವರು ಸುಖಕ್ಕೋಸ್ಕರ ಹುಡುಕುತ್ತಾರೆ. ಕೆಲವರಿಗೆ ವೈದ್ಯರ ಖರ್ಚು ಭಾರ. ಆದರೆ ಅನೇಕರಿಗೆ ನಾಚಿಕೆಯೇ ಕಾರಣ. ಕಳವಳಪಡುವವನಿಗೆ ವಿಶ್ವಾಸ ಸಾಲದು, ಪ್ರಾರ್ಥನೆ ಸಾಲದು ಎಂದು ಸಭೆಯಲ್ಲಿ ಹೇಳುವವರುಂಟು. ಅಂಥ ಮಾತನ್ನು ಕೇಳಿದ ಮಗಳು ತನ್ನ ನಿದ್ರೆಯಿಲ್ಲದ ರಾತ್ರಿಗಳನ್ನು ತಾಯಿಗೆ ಹೇಳುವಳೋ?

ಎಲೀಯನನ್ನು ನೋಡಿರಿ. ಬೆಂಕಿಯನ್ನು ಇಳಿಸಿದ ಪ್ರವಾದಿಯೇ ಅಡವಿಯಲ್ಲಿ ಗಿಡದ ಕೆಳಗೆ ಕೂತು ಮರಣವನ್ನು ಬೇಡಿಕೊಂಡನು. ಕರ್ತನು ಅವನನ್ನು ಗದರಿಸಲಿಲ್ಲ. ಮಲಗಗೊಡಿಸಿದನು, ರೊಟ್ಟಿಯನ್ನೂ ನೀರನ್ನೂ ಕಳುಹಿಸಿದನು. ದೇಹಕ್ಕೆ ಬೇಕಾದದ್ದನ್ನು ದೇವರೇ ಮೊದಲು ಒದಗಿಸಿದನು. ಹೀಗಿರಲಾಗಿ ವೈದ್ಯರ ಔಷಧವನ್ನು ತೆಗೆದುಕೊಳ್ಳುವದು ಅವಿಶ್ವಾಸವೆಂದು ನಾವು ಹೇಳಕೂಡದು.

೫. ನಾವು ಮಾಡತಕ್ಕದ್ದು

(ಅ) ಗುಳಿಗೆಯನ್ನು ಕಣ್ಣಿನಿಂದ ಪರೀಕ್ಷಿಸಲಾಗದು. ಅದು ಬಂದ ದಾರಿಯನ್ನು ಪರೀಕ್ಷಿಸಿರಿ. ಸ್ನೇಹಿತರಿಂದಲೂ ಬೀದಿಯಲ್ಲಿಯೂ ಕೈಫೋನಿನ ಮೂಲಕ ಗುರುತಿಲ್ಲದವರಿಂದಲೂ ತೆಗೆದುಕೊಳ್ಳಬೇಡಿರಿ. ನಮ್ಮ ದೇಶದಲ್ಲಿ ಆಲ್‌ಪ್ರಜೋಲಾಮ್ ಕೊಡುವ ಅಂಗಡಿಯವನು ವೈದ್ಯರ ಚೀಟಿಯನ್ನು ನೋಡಿ ಬೇರೆ ಪುಸ್ತಕದಲ್ಲಿ ಬರೆದುಕೊಳ್ಳಬೇಕೆಂಬ ನಿಯಮವು ೨೦೧೪ರಿಂದ ಉಂಟು. ಬರೆಯದೆ ಕೊಡುವ ಅಂಗಡಿಯನ್ನು ನಂಬಬೇಡಿರಿ. ನಿಮಗೆ ಬರೆದ ಗುಳಿಗೆಯನ್ನು ಕರುಣೆಯಿಂದಲಾದರೂ ನೆರೆಯವರಿಗೆ ಕೊಡಬೇಡಿರಿ.

(ಆ) ಈ ಪಾಠವನ್ನು ಕೇಳಿ ಹೆದರಿ, ವೈದ್ಯರು ಕೊಟ್ಟ ಗುಳಿಗೆಯನ್ನು ಥಟ್ಟನೆ ನಿಲ್ಲಿಸಕೂಡದು. ಬಹುದಿನ ತೆಗೆದುಕೊಂಡವರು ಒಮ್ಮೆಲೇ ಬಿಟ್ಟರೆ ಸೆಳವು ಬಂದು ಪ್ರಾಣಾಪಾಯವಾದೀತು. ವೈದ್ಯರು ಹೇಳಿದಂತೆ ಸ್ವಲ್ಪಸ್ವಲ್ಪವಾಗಿ ಕಡಿಮೆಮಾಡತಕ್ಕದ್ದು.

(ಇ) ಎಬ್ಬಿಸಿದರೂ ಏಳದಿರುವದು, ಉಸಿರು ಬಹು ನಿಧಾನವಾಗುವದು, ಗಂಟಲಲ್ಲಿ ಗೊರಗೊರ ಶಬ್ದ, ತುಟಿಯೂ ಉಗುರೂ ನೀಲಿಯಾಗುವದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವದು, ಇವು ಅಪಾಯದ ಗುರುತುಗಳು. ಗೊರಕೆಯೆಂದು ತಿಳಿದು ಮಲಗಗೊಡಬೇಡಿರಿ. ತಡಮಾಡದೆ ಸಹಾಯಕ್ಕೆ ಕರೆಯಿರಿ: ಅಮೇರಿಕದಲ್ಲಿ ೯೧೧, ನಮ್ಮಲ್ಲಿ ೧೧೨ ಅಥವಾ ೧೦೮. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿರಿ. ನಿಂತಿದ್ದರೆ, ತಿಳಿದವರು ಉಸಿರು ಕೊಡಲಿ. ಬಾಯಿಗೆ ನೀರನ್ನಾಗಲಿ ಮಜ್ಜಿಗೆಯನ್ನಾಗಲಿ ಹೊಯ್ಯಬೇಡಿರಿ. ನಾಲೊಕ್ಸೋನ್ ಎಂಬ ಔಷಧವು ಫೆಂಟಾನಿಲಿನ ಬಲವನ್ನು ಮುರಿಯುತ್ತದೆ. ಅಮೇರಿಕದಲ್ಲಿ ಮೂಗಿಗೆ ಸಿಂಪಡಿಸುವ ಅದನ್ನು ಚೀಟಿಯಿಲ್ಲದೆ ಮಾರುವದಕ್ಕೆ ೨೦೨೩ರಲ್ಲಿ ಅಪ್ಪಣೆಯಾಯಿತು. ಅಲ್ಲಿರುವ ಮಕ್ಕಳು ಅದನ್ನು ಹತ್ತಿರ ಇಟ್ಟುಕೊಳ್ಳಲಿ. ಅದರ ಬಲವು ಬೇಗ ಇಳಿಯುವದರಿಂದ ಎಚ್ಚರವಾದವನನ್ನೂ ಆಸ್ಪತ್ರೆಗೆ ಒಯ್ಯಬೇಕು. ಅದು ಆಲ್‌ಪ್ರಜೋಲಾಮನ್ನು ಮುರಿಯಲಾರದು.

(ಈ) ಕಳವಳವುಳ್ಳವರು ೧೪೪೧೬ ಎಂಬ ಟೆಲಿ ಮಾನಸ್ ನಂಬರಿಗೆ ಫೋನು ಮಾಡಬಹುದು. ಸರ್ಕಾರವು ೨೦೨೨ರಲ್ಲಿ ಆರಂಭಿಸಿದ ಈ ಸಹಾಯಕ್ಕೆ ಹಣವಿಲ್ಲ, ಕನ್ನಡದಲ್ಲಿಯೂ ಮಾತಾಡಬಹುದು. ಸಭೆಯ ಹಿರಿಯರು ಅಂಥವರ ಸಂಗಡ ಆಸ್ಪತ್ರೆಗೆ ಹೋಗಲಿ. ಹೋದದ್ದನ್ನು ಊರಲ್ಲಿ ಆಡದಿರಲಿ.

ಗಿಲ್ಗಾಲಿನ ಶಿಷ್ಯರು ಕೂಗಿಕೊಂಡರು. ಎಲೀಷನು ಅವರನ್ನು ದೂರಲಿಲ್ಲ, ಹಿಟ್ಟು ತರಹೇಳಿದನು. ನಮ್ಮ ಮನೆಗಳಲ್ಲಿಯೂ ಮಕ್ಕಳು ಕೂಗಿಕೊಳ್ಳಲು ಅಂಜದಿರಲಿ. ಕೇಳುವ ನಾವು ಮೊದಲು ಸಹಾಯವನ್ನು ತರುವವರಾಗೋಣ.

ಪ್ರಶ್ನೆಗಳು

೧. ಕಾಡುಕಾಯಿಗೂ ಖೋಟಾ ಗುಳಿಗೆಗೂ ಇರುವ ಹೋಲಿಕೆಗಳೇನು?
೨. ಒಂದೇ ಪೊಟ್ಟಣದ ಎರಡು ಗುಳಿಗೆಗಳು ಒಂದೇ ತರವಾಗಿರುವದಿಲ್ಲ, ಯಾಕೆ?
೩. ಅಪಾಯದ ಗುರುತುಗಳನ್ನು ಪುಸ್ತಕ ನೋಡದೆ ಹೇಳಿರಿ.
೪. ದೇವರು ಎಲೀಯನಿಗೆ ಮೊದಲು ಏನನ್ನು ಒದಗಿಸಿದನು?
೫. ನಮ್ಮ ಸಭೆಯಲ್ಲಿ ಕಳವಳವುಳ್ಳವನು ಯಾರಿಗೆ ಧೈರ್ಯವಾಗಿ ಹೇಳಬಹುದು? ಅಂಥವರು ಇಲ್ಲವಾದರೆ ಯಾರನ್ನು ನೇಮಿಸೋಣ?