ಕರಡಿಯ ಭಯ ಮತ್ತು ಕೋವಿಯ ಬೇಡಿಕೆ: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ

ಪಾಠದ ಉದ್ದೇಶ

ಕಾಡಂಚಿನ ಗ್ರಾಮದಲ್ಲಿ ಕರಡಿಯೊಂದು ಕಾಣಿಸಿಕೊಂಡ ಮರುದಿನ ಪಂಚಾಯತಿ ಕಚೇರಿಗೆ ಬರುವ ಮೊದಲ ಮಾತು ಕೋವಿಯದು. ಸೊಂಟದಲ್ಲಿ ಇಟ್ಟುಕೊಳ್ಳಬಹುದಾದ ಪಿಸ್ತೂಲಿಗೆ ಪರವಾನಗಿ ಕೊಡಿಸಿರೆಂದು ಕೆಲವರೂ, ತೋಟಾ ಕೋವಿಯಾದರೂ ಸಾಕು, ಶಿಫಾರಸು ಪತ್ರ ಬರೆದುಕೊಡಿರೆಂದು ಮತ್ತೆ ಕೆಲವರೂ ಸದಸ್ಯರನ್ನು ಕೇಳುವುದುಂಟು. ಕೇಳುವವರ ಭಯ ನಿಜವಾದುದು. ಅದಕ್ಕೆ ಸದಸ್ಯರು ಕೊಡುವ ಉತ್ತರವೂ ಅಷ್ಟೇ ಹೊಣೆಯುಳ್ಳದ್ದಾಗಿರಬೇಕು. ಕರಡಿಯ ಸ್ವಭಾವ, ಆಯುಧದ ಮಿತಿ, ಕಾನೂನಿನ ಕಟ್ಟಳೆ ಹಾಗೂ ಪಂಚಾಯತಿಯ ಅಧಿಕಾರದಲ್ಲಿರುವ ಕಾರ್ಯಗಳನ್ನು ತಿಳಿಸುವುದು ಈ ಪಾಠದ ಉದ್ದೇಶ.

ಹುಣಸೂರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಕಾಡಂಚಿನ ಗ್ರಾಮಗಳಿಗೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ. ಸಾಲಿಗ್ರಾಮ ಮತ್ತು ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಚಿರತೆ ಹಾಗೂ ಕಾಡುಹಂದಿಯ ಕಾರಣದಿಂದ ಇದೇ ಬೇಡಿಕೆ ಬರುವುದರಿಂದ ಅಲ್ಲಿನ ಸದಸ್ಯರಿಗೂ ಪರವಾನಗಿಯ ಭಾಗ ಉಪಯುಕ್ತ.

1. ಕರಡಿ ಎರಗುವುದೇಕೆ?

ನಮ್ಮ ಕಾಡುಗಳ ಕರಡಿಯ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು ಮತ್ತು ನೇರಳೆ, ಕಕ್ಕೆ, ಎಲಚಿಯಂತಹ ಹಣ್ಣುಗಳು. ಮನುಷ್ಯನನ್ನು ಅದು ಬೇಟೆಯೆಂದು ಹುಡುಕಿ ಬರುವುದಿಲ್ಲ. ಅದರ ಮೂಗು ಬಹು ಚುರುಕು, ಕಣ್ಣು ಮಂದ. ಹುತ್ತ ಕೆದಕುವುದರಲ್ಲಿ ಮಗ್ನವಾಗಿರುವಾಗ ಮನುಷ್ಯ ಸಮೀಪಿಸಿದ್ದನ್ನು ಅದು ತಡವಾಗಿ ಅರಿಯುತ್ತದೆ, ಬೆದರಿ ಮೇಲೆರಗುತ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿ ಕರಡಿ ಇನ್ನಷ್ಟು ಅಪಾಯಕಾರಿ. ಗಾಯಗಳು ಹೆಚ್ಚಾಗಿ ತಲೆ ಮತ್ತು ಮುಖಕ್ಕೆ ಆಗುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದೇ: ದಾಳಿ ಹತ್ತಿರದಿಂದ, ಹಠಾತ್ತನೆ, ಬಹುಪಾಲು ಮಬ್ಬುಗತ್ತಲಲ್ಲಿ ನಡೆಯುತ್ತದೆ. ಹತ್ತು ಹೆಜ್ಜೆ ದೂರದ ಪೊದೆಯಿಂದ ನುಗ್ಗುವ ಕರಡಿ ಮನುಷ್ಯನನ್ನು ಮುಟ್ಟಲು ಒಂದೆರಡು ಸೆಕೆಂಡು ಸಾಕು.

2. ಯಾವ ಆಯುಧವೆಂಬ ಪ್ರಶ್ನೆ

ಸಾಮಾನ್ಯ ನಾಗರಿಕರಿಗೆ ಪರವಾನಗಿಯ ಮೇಲೆ ದೊರೆಯುವ ರಿವಾಲ್ವರ್, ಪಿಸ್ತೂಲುಗಳು ಹೆಚ್ಚಾಗಿ .32 ಬೋರಿನವು. 9 ಮಿ.ಮೀ. ಮತ್ತು .38 ಬೋರಿನ ಕೈಬಂದೂಕುಗಳು ನಿಷೇಧಿತ ವರ್ಗಕ್ಕೆ ಸೇರಿವೆ. .32 ರಿವಾಲ್ವರಿನ ಗುಂಡಿನ ತೂಕ ಸುಮಾರು 6 ಗ್ರಾಂ. 12 ಬೋರ್ ಕೋವಿಯ ಒಂಟಿ ಗುಂಡಿನದು ಸುಮಾರು 28 ಗ್ರಾಂ, ವೇಗವೂ ಅಧಿಕ. ದಪ್ಪ ರೋಮ, ಗಟ್ಟಿ ಮೈಕಟ್ಟಿನ ಪ್ರಾಣಿಯನ್ನು ಸಣ್ಣ ಗುಂಡು ತಡೆಯುವುದಕ್ಕಿಂತ ಗಾಯಗೊಳಿಸುವ ಸಂಭವವೇ ಹೆಚ್ಚು. ಗಾಯಗೊಂಡ ಕರಡಿ ಊರಿಗೆ ಹಿಂದಿಗಿಂತ ದೊಡ್ಡ ಅಪಾಯ.

12 ಬೋರ್ ಕೋವಿಗೆ ಬಲವಿದೆ. ಆದರೆ ಸೌದೆ ಹೊರೆ ಹೊತ್ತವರ, ದನ ಮೇಯಿಸುವವರ ಕೈಯಲ್ಲಿ ಅದು ಸದಾ ಸಿದ್ಧವಾಗಿರದು. ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ ಒಂದು ಹೊಡೆತಕ್ಕೆ ಬರಿದಾಗುತ್ತದೆ, ಎರಡನೆಯದಕ್ಕೆ ಸಮಯವಿರುವುದಿಲ್ಲ.

ಅಮೆರಿಕದ ಅಲಾಸ್ಕಾದಲ್ಲಿ 1883ರಿಂದ 2009ರವರೆಗಿನ 269 ಕರಡಿ ಪ್ರಕರಣಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಬಂದೂಕು ಹಲವು ಸಲ ಕರಡಿಯನ್ನು ತಡೆದಿತ್ತು, ನಿಜ. ಆದರೂ ಕೈಯಲ್ಲಿದ್ದ ಬಂದೂಕನ್ನು ಬಳಸಿದವರಿಗೂ ಬಳಸದವರಿಗೂ ಆದ ಗಾಯ ಮತ್ತು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ವಿಫಲತೆಗೆ ಒಂದು ಪ್ರಮುಖ ಕಾರಣ ಸಮಯದ ಅಭಾವ. ಅಲ್ಲಿನ ಕರಡಿಯ ಜಾತಿ ಬೇರೆ, ಆಯುಧಗಳೂ ಬೇರೆ. ಆದರೆ ಸಮಯದ ಪಾಠ ನಮಗೂ ಸಲ್ಲುತ್ತದೆ.

3. ಪರವಾನಗಿಯ ಕಟ್ಟಳೆಗಳು

1959ರ ಆಯುಧ ಅಧಿನಿಯಮದಂತೆ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧ. 2019ರ ತಿದ್ದುಪಡಿಯ ನಂತರ ಇದಕ್ಕೆ 2ರಿಂದ 5 ವರ್ಷಗಳ ಸೆರೆವಾಸ ಹಾಗೂ ದಂಡ ವಿಧಿಸಬಹುದು. ಅಜ್ಜನ ಕಾಲದ ನಾಡಕೋವಿಗೂ ಈ ಮಾತು ಅನ್ವಯಿಸುತ್ತದೆ. ಬೆಳೆ ರಕ್ಷಣೆಗೆ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಲು ಅಧಿನಿಯಮದ 13ನೇ ಪ್ರಕರಣದಲ್ಲಿ ಅವಕಾಶವಿದೆ. ಅದು ಸಾಲದೆಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ ಅವಕಾಶವಿದೆ. ಪರವಾನಗಿಯ ಅವಧಿ 5 ವರ್ಷ.

ಕಾಡಂಚಿನ ಸದಸ್ಯರು ವಿಶೇಷವಾಗಿ ತಿಳಿಯಬೇಕಾದುದು 1972ರ ವನ್ಯಜೀವಿ (ಸಂರಕ್ಷಣೆ) ಅಧಿನಿಯಮದ 34ನೇ ಪ್ರಕರಣ. ಅಭಯಾರಣ್ಯದಿಂದ 10 ಕಿ.ಮೀ. ವ್ಯಾಪ್ತಿಯಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಹಮತಿಯಿಲ್ಲದೆ ಹೊಸ ಪರವಾನಗಿ ನೀಡುವಂತಿಲ್ಲ; ಇರುವ ಪರವಾನಗಿಗಳನ್ನೂ ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ನಾಗರಹೊಳೆಯಂತಹ ರಾಷ್ಟ್ರೀಯ ಉದ್ಯಾನಗಳಿಗೂ ಈ ನಿಯಮವಿದೆ. ಆದ್ದರಿಂದ ಪಂಚಾಯತಿಯ ಶಿಫಾರಸು ಪತ್ರವೊಂದರಿಂದಲೇ ಕೋವಿ ದೊರೆಯುವುದೆಂಬ ಭರವಸೆಯನ್ನು ಸದಸ್ಯರು ಯಾರಿಗೂ ನೀಡಬಾರದು.

ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಪಿರಿಯಾಪಟ್ಟಣದವರಿಗೂ ಸಲ್ಲುತ್ತದೆಂಬ ಕಲ್ಪನೆ ಸರಿಯಲ್ಲ. ಅದು ಆ ಸಮುದಾಯ ಹಾಗೂ ಹಿಡುವಳಿದಾರರಿಗೆ ಮಾತ್ರ ಸೀಮಿತ.

4. ಪ್ರಾಣರಕ್ಷಣೆಗಾಗಿ ಗುಂಡು ಹಾರಿಸಿದಾಗ

ಕರಡಿ ಅನುಸೂಚಿ 1ರ ಪ್ರಾಣಿ. ಅದನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷಗಳ ಸೆರೆವಾಸವಿದೆ. ಅದು 7 ವರ್ಷದವರೆಗೆ ವಿಸ್ತರಿಸಬಹುದು. ಆದರೆ ತನ್ನ ಅಥವಾ ಇತರರ ಪ್ರಾಣ ಉಳಿಸಲು ಸದ್ಭಾವನೆಯಿಂದ ವನ್ಯಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅದು ಅಪರಾಧವಲ್ಲವೆಂದು 11(2)ನೇ ಪ್ರಕರಣ ಹೇಳುತ್ತದೆ. ಇದಕ್ಕೊಂದು ಷರತ್ತಿದೆ: ಆ ವೇಳೆಯಲ್ಲಿ ಆತ ಅದೇ ಅಧಿನಿಯಮದ ಉಲ್ಲಂಘನೆಯಲ್ಲಿ ತೊಡಗಿರಬಾರದು. ಬೇಟೆಗೆಂದು ಕಾಡು ಹೊಕ್ಕವನಿಗೆ ಈ ರಕ್ಷಣೆ ದೊರೆಯದು. ಬೆಳೆ ತಿಂದ ಕರಡಿಯನ್ನು ಹಿಂಬಾಲಿಸಿ ಹೊಡೆಯುವುದು ಪ್ರಾಣರಕ್ಷಣೆಯೆನಿಸದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಉಗುರು, ಚರ್ಮ, ಪಿತ್ತಕೋಶ ಯಾವುದನ್ನೂ ಮುಟ್ಟದೆ ತಕ್ಷಣ ಅರಣ್ಯ ಇಲಾಖೆಗೆ ತಿಳಿಸಬೇಕು.

ಉರುಳು ಹಾಕುವುದು, ಬೇಲಿಗೆ ನೇರ ವಿದ್ಯುತ್ ಹರಿಸುವುದು ಎರಡೂ ಕಾನೂನುಬಾಹಿರ. ವಿದ್ಯುತ್ ಬೇಲಿಗೆ ಮೊದಲು ಬಲಿಯಾಗುವವರು ಅನೇಕ ವೇಳೆ ನೆರೆಹೊಲದವರೇ ಆಗಿರುತ್ತಾರೆ.

5. ಪಂಚಾಯತಿಯ ಕೈಯಲ್ಲಿರುವ ರಕ್ಷಣೆ

ಕೋವಿ ಒಬ್ಬರ ಕೈಯಲ್ಲಿರುತ್ತದೆ. ಬೀದಿದೀಪ ಊರಿಗೆಲ್ಲ ಬೆಳಕಾಗುತ್ತದೆ. ಪಂಚಾಯತಿಯು ಕೈಗೊಳ್ಳಬಹುದಾದ ಕಾರ್ಯಗಳು ಹೀಗಿವೆ:

• ಕಾಡಂಚಿನ ಕೊನೆಯ ಮನೆಗಳು, ಹಾಡಿಗಳ ದಾರಿ ಮತ್ತು ಬಸ್ ತಂಗುದಾಣಗಳಿಗೆ ದೀಪದ ವ್ಯವಸ್ಥೆ.
• ಮನೆಗೊಂದು ಶೌಚಾಲಯ ಹಾಗೂ ಅದಕ್ಕೆ ನೀರಿನ ಸೌಲಭ್ಯ. ನಸುಕಿನಲ್ಲಿ ಪೊದೆಗೆ ಹೋಗುವ ಅನಿವಾರ್ಯತೆ ತಪ್ಪಬೇಕು.
• ಶಾಲಾ ದಾರಿ ಮತ್ತು ನೀರಿನ ದಾರಿಯ ಇಕ್ಕೆಲಗಳಲ್ಲಿ ಪೊದೆ, ಲಂಟಾನ ಸವರುವುದು.
• ಊರಂಚಿನಲ್ಲಿ ತಿಪ್ಪೆ, ಕೊಳೆತ ಹಣ್ಣು, ಆಹಾರದ ಕಸ ಬೀಳದಂತೆ ವಿಲೇವಾರಿ.
• ಸೌದೆ, ಜೇನು, ಕಿರು ಅರಣ್ಯ ಉತ್ಪನ್ನಕ್ಕೆ ಹೋಗುವವರು ಬೆಳಗಾದ ಮೇಲೆ, ಗುಂಪಾಗಿ, ಮಾತನಾಡುತ್ತಾ ನಡೆಯುವಂತೆ ಗ್ರಾಮಸಭೆಯಲ್ಲಿ ತಿಳಿವಳಿಕೆ. ಜೇನುಕುರುಬರಂತಹ ಕಾಡಿನ ಸಮುದಾಯಗಳ ಹಿರಿಯರ ಅನುಭವವನ್ನು ಸಭೆಯಲ್ಲಿ ಕೇಳಿಸುವುದು ಉಚಿತ.

6. ಕರಡಿ ಎದುರಾದಾಗ ಮತ್ತು ದಾಳಿಯ ನಂತರ

ಕಲ್ಲೆಸೆಯಬಾರದು, ಓಡಬಾರದು, ಮರ ಹತ್ತಬಾರದು. ಕರಡಿ ಮನುಷ್ಯನಿಗಿಂತ ವೇಗವಾಗಿ ಓಡುತ್ತದೆ, ಮರವನ್ನೂ ಹತ್ತುತ್ತದೆ. ಅದಕ್ಕೆ ದಾರಿ ಬಿಟ್ಟು ನಿಧಾನವಾಗಿ ಹಿಂದೆ ಸರಿಯಬೇಕು. ಮೇಲೆರಗಿದರೆ ಕವುಚಿ ಮಲಗಿ ಎರಡೂ ಕೈಗಳಿಂದ ಕುತ್ತಿಗೆಯ ಹಿಂಭಾಗವನ್ನು ಮುಚ್ಚಿಕೊಳ್ಳಬೇಕು. ಊರಿಗೆ ಬಂದ ಕರಡಿಯನ್ನು ಜನ ಸುತ್ತುವರಿಯದಂತೆ ತಡೆಯುವುದು ಸದಸ್ಯರ ಮೊದಲ ಕರ್ತವ್ಯ.

ಗಾಯಾಳುವಿಗೆ 108, ಅರಣ್ಯ ಇಲಾಖೆಗೆ 1926 ಸಂಖ್ಯೆಗೆ ಕರೆ ಮಾಡಬೇಕು. ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ತೊಳೆಯಬೇಕು. ರೇಬೀಸ್ ಲಸಿಕೆಯ ಕುರಿತು ವೈದ್ಯರನ್ನು ಕೇಳಲು ಮರೆಯಬಾರದು. ಪರಿಹಾರ ಧನದ ಅರ್ಜಿಗೆ ವೈದ್ಯಕೀಯ ದಾಖಲೆ, ಸ್ಥಳದ ಛಾಯಾಚಿತ್ರ ಮತ್ತು ವಲಯ ಅರಣ್ಯಾಧಿಕಾರಿಗಳ ಮಹಜರು ಮುಖ್ಯ. ಗಾಯಗೊಂಡವರ ಮನೆಯವರು ಆಸ್ಪತ್ರೆಯಲ್ಲಿರುವಾಗ ಈ ಕಾಗದಪತ್ರಗಳನ್ನು ಸಿದ್ಧಪಡಿಸಲು ನೆರವಾಗುವುದು ವಾರ್ಡ್ ಸದಸ್ಯರು ಮಾಡಬಹುದಾದ ದೊಡ್ಡ ಉಪಕಾರ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. ತಮ್ಮ ವ್ಯಾಪ್ತಿಯಲ್ಲಿ ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ 10 ಕಿ.ಮೀ. ಒಳಗಿರುವ ಗ್ರಾಮಗಳು ಯಾವುವು?
2. ದೀಪವಿಲ್ಲದ ದಾರಿ, ಬಳಕೆಯಾಗದ ಶೌಚಾಲಯ ಎಲ್ಲೆಲ್ಲಿವೆ? ಅವುಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದುದು ಯಾವುದು?
3. ಕೋವಿಯ ಪರವಾನಗಿ ಕೇಳಿ ಬಂದ ರೈತರಿಗೆ ಸದಸ್ಯರು ಅದೇ ದಿನ ಮಾಡಿಕೊಡಬಹುದಾದ ಕೆಲಸ ಯಾವುದು?