ಎರೆಮಣ್ಣಿನ ಮೇಲಿನ ಮನೆ: ಬಿರುಕಿನ ಪರೀಕ್ಷೆ ಮತ್ತು ದುರಸ್ತಿ



ಪ್ರತಿ ಬೇಸಿಗೆಯಲ್ಲೂ ಸಂಘದ ಕಚೇರಿಗೆ ಸಾಲದ ಅರ್ಜಿ ಹಿಡಿದು ಬರುವವರಲ್ಲಿ ಒಬ್ಬಿಬ್ಬರಾದರೂ "ಗೋಡೆ ಬಾಯಿ ಬಿಟ್ಟಿದೆ, ಕೆಡವಿ ಕಟ್ಟಬೇಕು" ಎನ್ನುವವರಿರುತ್ತಾರೆ. ಕೊಯ್ಲಿನ ಹಣವೆಲ್ಲ ಅದಕ್ಕೇ ಹೋಗಿ, ಮೇಲೆ ಸಾಲದ ಹೊರೆಯೂ ಬೀಳುತ್ತದೆ. ಅಂಥವರಿಗೆ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಕೇಳಿ ನಗುವವರುಂಟು. ಆದರೆ ಈ ಪಾಠವನ್ನು ನಾವು ಕೈಯಿಂದ ಹಣ ಕಳೆದುಕೊಂಡೇ ಕಲಿತದ್ದು.

ನಮ್ಮ ಬಯಲಿನ ಅಡಿಕೆ ತೋಟದ ಮನೆ ಎರೆಭೂಮಿಯಲ್ಲಿದೆ. ಅದರ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟಿತು. ಬೇಸಿಗೆಯಲ್ಲಿ ಮೇಸ್ತ್ರಿಯನ್ನು ಕರೆಸಿ ಗಟ್ಟಿ ಸಿಮೆಂಟು ತುಂಬಿಸಿದೆವು. ಮಳೆಗಾಲ ಕಳೆಯುವಷ್ಟರಲ್ಲಿ ಪಕ್ಕದಲ್ಲೇ ಹೊಸ ಬಿರುಕು! ಮರುವರ್ಷ ಅದನ್ನೂ ತುಂಬಿಸಿದೆವು. ಮತ್ತೆ ಅದೇ ಕಥೆ. ತಪ್ಪು ಮೇಸ್ತ್ರಿಯದಲ್ಲ, ನಮ್ಮದು. ಬೇರಿನಲ್ಲಿ ರೋಗವಿಟ್ಟುಕೊಂಡು ಎಲೆಗೆ ಔಷಧಿ ಹೊಡೆದಿದ್ದೆವು.

ಮಣ್ಣಿನ ಗುಣ

ಮಲೆನಾಡಿನ ಕೆಂಪು ಮಣ್ಣಿನಲ್ಲಿ ಈ ಕಾಟ ಕಡಿಮೆ. ಕಡೂರು, ಚನ್ನಗಿರಿ ಕಡೆಯ ಎರೆಭೂಮಿಯಲ್ಲಿ ಅಡಿಕೆ ಹಾಕಿ ಅಲ್ಲಿಯೇ ಮನೆ ಕಟ್ಟಿಕೊಂಡವರು ಎಚ್ಚರವಹಿಸಬೇಕು. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶವಿರುತ್ತದೆ. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಇದರಿಂದಲೇ. ಈ ಏರಿಳಿತ ಸುಮಾರು 3.5 ಮೀಟರು ಆಳದವರೆಗೂ ನಡೆಯಬಹುದು. ನಮ್ಮ ಮನೆಗಳ ಪಾಯ ಸಾಮಾನ್ಯವಾಗಿ ಅಷ್ಟು ಆಳಕ್ಕೆ ಇಳಿದಿರುವುದಿಲ್ಲ.

ಮನೆಯಡಿಯ ಮಣ್ಣೆಲ್ಲ ಒಂದೇ ಸಮನೆ ಉಬ್ಬಿ ಕುಗ್ಗಿದರೆ ಗೋಡೆಗೆ ಅಷ್ಟು ಅಪಾಯವಿಲ್ಲ. ಒಂದು ಮೂಲೆ ಸದಾ ಹಸಿ, ಇನ್ನೊಂದು ಮೂಲೆ ಒಣ ಎಂದಾದಾಗಲೇ ಗೋಡೆ ಸೀಳುವುದು. ನಮ್ಮ ಮನೆಯಲ್ಲಿ ಬಚ್ಚಲ ನೀರು ಒಂದು ಮೂಲೆಯ ಬಾಳೆಗೆ ಹರಿಯುತ್ತಿತ್ತು, ತೋಟದ ತುಂತುರು ನೀರೂ ಅದೇ ಕಡೆ ಬೀಳುತ್ತಿತ್ತು. ಎದುರು ಬದಿಯಲ್ಲಿ ಬಿಸಿಲು. ಬೇಸಿಗೆಯಲ್ಲಿ ಒಣ ಬದಿ ತಗ್ಗಿ ಬಿರುಕು ತೆರೆಯುತ್ತಿತ್ತು. ಮಳೆಗಾಲದಲ್ಲಿ ಅದು ಮುಚ್ಚಿಕೊಳ್ಳಬೇಕು, ಆದರೆ ನಾವು ತುಂಬಿಸಿದ ಸಿಮೆಂಟು ನಡುವೆ ಬೆಣೆಯಂತೆ ಕುಳಿತಿತ್ತು. ಆದ್ದರಿಂದ ಪಕ್ಕದ ಇಟ್ಟಿಗೆ ಒಡೆಯಿತು.

ಪರೀಕ್ಷೆ

ಮೊದಲು ಮಣ್ಣು. ಪಾಯದ ಆಳದಿಂದ ತೆಗೆದ ಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿಮಾಡಿ, ನಯವಾದ ಜರಡಿ ಹಿಡಿಯಿರಿ. 100 ಮಿ.ಲೀ. ಅಳತೆಯ ಎರಡು ಗಾಜಿನ ಜಾಡಿಗಳಲ್ಲಿ 10 ಗ್ರಾಂನಂತೆ ಹಾಕಿ, ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಬಟ್ಟಿ ಇಳಿಸಿದ ನೀರು ತುಂಬಿ ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ ಮಣ್ಣು 12ರ ಗೆರೆಗೂ ನೀರಿನಲ್ಲಿ 21ರ ಗೆರೆಗೂ ನಿಂತರೆ ಉಬ್ಬು ಶೇಕಡಾ 75 ಎಂದರ್ಥ. ಶೇಕಡಾ 50 ಮೀರಿದರೆ ಎಚ್ಚರಿಕೆ ಬೇಕು. 100 ಮೀರಿದರೆ ಮಣ್ಣು ಅಪಾಯಕಾರಿ.

ಆಮೇಲೆ ಬಿರುಕು. ಗಾರೆಯ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಗೀರುಗಳಿಗೆ ಪಾಯ ಕಾರಣವಲ್ಲ. ಮೇಲ್ಛಾವಣಿಯ ಕೆಳಗೇ ಅಡ್ಡಲಾಗಿ ಓಡುವ ಬಿರುಕು ಹೆಚ್ಚಾಗಿ ತಾರಸಿ ಬಿಸಿಲಿಗೆ ಹಿಗ್ಗುವುದರಿಂದ ಬರುತ್ತದೆ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟು ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ಗೋಡೆಯ ತುದಿ ತಗ್ಗಿದೆ ಅಥವಾ ನಡು ಉಬ್ಬಿದೆ. ಕೆಳಗೆ ಅಗಲವಾಗಿದ್ದರೆ ಇದಕ್ಕೆ ವಿರುದ್ಧ.

ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಂತರವನ್ನು ತಿಂಗಳಿಗೊಮ್ಮೆ ಅಳೆದು ದಿನಾಂಕದೊಡನೆ ಬರೆದಿಡಿ. ಬೇಸಿಗೆಯಲ್ಲಿ ಹಿಗ್ಗಿ ಮಳೆಯಲ್ಲಿ ಕುಗ್ಗಿದರೆ ಎರೆಮಣ್ಣಿನ ಆಟವೆಂದು ತಿಳಿಯಬೇಕು. ಯಾವ ಕಾಲದಲ್ಲೂ ಕುಗ್ಗದೆ ಬೆಳೆಯುತ್ತಲೇ ಇದ್ದರೆ ಪಾಯ ಕುಸಿಯುತ್ತಿರಬಹುದು. ಬಿರುಕು 5 ಮಿ.ಮೀ. ಮೀರಿದರೆ ಇಂಜಿನಿಯರರಿಗೆ ತೋರಿಸಿ. 15 ಮಿ.ಮೀ. ಮೀರಿದರೆ, ಗೋಡೆ ವಾಲಿದ್ದರೆ, ತೊಲೆ ಜಾರಿದ್ದರೆ ಕಾಯಬೇಡಿ. ಆ ಕೋಣೆಯಲ್ಲಿ ಯಾರೂ ಮಲಗಕೂಡದು.

ದುರಸ್ತಿ

1. ಮೊದಲು ನೀರು ತಿದ್ದಿ. ಬಚ್ಚಲ ನೀರು, ಸೂರುನೀರನ್ನು ಕೊಳವೆಯಲ್ಲಿ ದೂರ ಸಾಗಿಸಿ. ಸೋರುವ ತೊಟ್ಟಿ ಸರಿಪಡಿಸಿ. ಗೋಡೆ ಬುಡದ ಹೂಪಾತಿ, ಬಾಳೆ, ಅಡಿಕೆ ಸಸಿಗಳ ಮಡಿ ತೆಗೆಯಿರಿ.

2. ಮನೆಯ ಸುತ್ತ 1ರಿಂದ 1.5 ಮೀಟರು ಅಗಲದ ಕಾಂಕ್ರೀಟು ಹಾಸನ್ನು ಹೊರಕ್ಕೆ ಇಳಿಜಾರಾಗಿ ಹಾಕಿಸಿ. ಗೋಡೆಗೆ ಅದನ್ನು ಬೆಸೆಯದೆ, ಸಂದಿಗೆ ಡಾಂಬರು ತುಂಬಿಸಿ.

3. ದೊಡ್ಡ ಮರ ತನ್ನ ಎತ್ತರದಷ್ಟಾದರೂ ದೂರವಿರುವುದು ಒಳ್ಳೆಯದು. ಹಾಗೆಂದು ಹಳೆಯ ಮರವನ್ನು ಅವಸರದಿಂದ ಕಡಿಯಬೇಡಿ. ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ನೆಲ ಉಬ್ಬೀತು.

4. ಬಳಿಕ ಒಂದು ಮಳೆಗಾಲ, ಒಂದು ಬೇಸಿಗೆ ಕಾದು ನೋಡಿ. ಚಲನೆ ನಿಂತಿದ್ದರೆ, ನಾಲ್ಕೈದು ವರಸೆಗೊಮ್ಮೆ ಇಟ್ಟಿಗೆ ಸಂದಿಯ ಗಾರೆ ಕೆತ್ತಿ, ತುಕ್ಕು ಹಿಡಿಯದ 6 ಮಿ.ಮೀ. ಸರಳನ್ನು ಬಿರುಕಿನ ಆಚೀಚೆ ಅರ್ಧರ್ಧ ಮೀಟರು ಬರುವಂತೆ ಕೂರಿಸಿ. ಸಿಮೆಂಟು 1, ಸುಣ್ಣ 1, ಮರಳು 6ರ ಗಾರೆ ತುಂಬಿಸಿ.

5. ಆಗಲೂ ಚಲನೆ ನಿಲ್ಲದಿದ್ದರೆ ಮಾತ್ರ ಪಾಯವನ್ನು ಆಳಕ್ಕಿಳಿಸುವ ಕೆಲಸ. ಅದು ಇಂಜಿನಿಯರರ ಎದುರಿನಲ್ಲೇ ಆಗಬೇಕು. ಒಂದು ಸಲಕ್ಕೆ ಒಂದು ಮೀಟರಿನಷ್ಟು, ಅದೂ ಒಂದು ಬಿಟ್ಟು ಒಂದರಂತೆ ಅಗೆಯತಕ್ಕದ್ದು. ಉದ್ದಕ್ಕೂ ಅಗೆದರೆ ಗೋಡೆಯೇ ಉರುಳೀತು.

ಹೊಸದಾಗಿ ಕಟ್ಟುವವರು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಎರೆಭೂಮಿಗೆಂದು ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಪಾಯದ ಬಗ್ಗೆ ಇಂಜಿನಿಯರರನ್ನು ವಿಚಾರಿಸಬೇಕು. ತಳದಲ್ಲಿ ಗಡ್ಡೆಯಂತೆ ಅಗಲವಾದ ಈ ಕಾಂಕ್ರೀಟು ಕಂಬಗಳು ಏರಿಳಿತವಿಲ್ಲದ ಆಳದಲ್ಲಿ ಬೇರೂರಿ ನಿಲ್ಲುತ್ತವೆ.

ನಮ್ಮ ಮನೆಯಲ್ಲಿ ನೀರು ತಿದ್ದಿ, ಒಂದು ವರ್ಷ ಕಾದು, ಸರಳು ಕೂರಿಸಿ ನಾಲ್ಕು ಬೇಸಿಗೆ ಕಳೆದಿವೆ. ಕೂದಲೆಳೆಯ ಗೀರೊಂದು ಈಗಲೂ ಇದೆ, ಬೆಳೆದಿಲ್ಲ. ಖರ್ಚಾದದ್ದು ಹಿಂದಿನ ಎರಡು ಸಲದ ವ್ಯರ್ಥ ದುರಸ್ತಿಗಿಂತ ಕಡಿಮೆಯೇ.

ಸಾಲದ ಅರ್ಜಿ ಸಂಘದಲ್ಲಿ ಯಾವಾಗಲೂ ಸಿಗುತ್ತದೆ. ಮೊದಲು ಬಿರುಕಿನ ಪಕ್ಕದಲ್ಲಿ ದಿನಾಂಕ ಬರೆಯಿರಿ.

— ಕಾರ್ಯದರ್ಶಿ